ಹತ್ತಲಾರದ ನೊಣ ಹೇಳಿದ್ದು

ನಮ್ಮ ಮನೆಯ ಮಹಡಿಗೆ 17 ಮೆಟ್ಟಿಲು. ಇಪ್ಪತ್ತೆರಡು ವರ್ಷ ಹತ್ತಿ ಇಳಿದರೂ ಎಣಿಸಿರಲಿಲ್ಲ. 2021ರ ಜೂನ್‌ನಲ್ಲಿ ಎಣಿಸಿದೆ. ಕೊರೊನಾ ಜ್ವರ ಬಿಟ್ಟು ಐದು ವಾರ ಕಳೆದಿತ್ತು. ಕೆಮ್ಮು ನಿಂತಿತ್ತು, ನಾಲಿಗೆಗೆ ರುಚಿ ಮರಳಿತ್ತು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು 97 ತೋರಿಸುತ್ತಿತ್ತು. ಒಣಗಿದ ಬಟ್ಟೆ ತರಲೆಂದು ಹೊರಟವಳು ಒಂಬತ್ತನೆಯ ಮೆಟ್ಟಿಲಲ್ಲಿ ಕೂತುಬಿಟ್ಟೆ. ನೋವಿಲ್ಲ, ಏದುಸಿರಿಲ್ಲ, ತೊಡೆಗಳು ಮಾತ್ರ ಇನ್ನಾಗದು ಎಂದಿದ್ದವು. ಕೆಳಗಿನಿಂದ ಅತ್ತೆ, “ಮಲಗೀ ಮಲಗೀ ಮೈ ಜಡ್ಡುಗಟ್ಟಿದೆ ಕಣಮ್ಮ. ನಾಲ್ಕು ದಿನ ಓಡಾಡು, ಎಲ್ಲ ಸರಿಹೋಗತ್ತೆ” ಎಂದರು. ರಕ್ತಪರೀಕ್ಷೆಯ ಚೀಟಿಯಲ್ಲಿ ಎಲ್ಲವೂ ನಾರ್ಮಲ್. ಹಾಗಾದರೆ ನನ್ನದು ಸೋಮಾರಿತನವೇ ಇರಬೇಕು ಎಂದು ನಾನೂ ನಂಬತೊಡಗಿದ್ದೆ.

ಇದೇ ಕಾಲುಗಳು ಒಂದು ಕಾಲದಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ವಾರಕ್ಕೆರಡು ಸಲ ಹತ್ತಿದ್ದವು, ಅದೂ ಹೆಗಲಿಗೆ ಬಾಟಲಿಗಳ ಚೀಲ ಹಾಕಿಕೊಂಡು. ಆಗ ನಾನು ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಕಿವುಚಿದ ಬಾಳೆಹಣ್ಣಿಗೆ ಚೂರು ಯೀಸ್ಟ್ ಬೆರೆಸಿ ಬಾಟಲಿಗೆ ಹಾಕಿ, ಬೆಟ್ಟದ ಪೊದೆಗಳಲ್ಲಿ ಕಟ್ಟಿ ಬರುವುದು. ಮಾರನೆಯ ದಿನ ಹೋದರೆ ಬಾಟಲಿಯೊಳಗೆ ನೊಣ. ಹಿಂಡಿಗೆ ಹಿಂಡೇ.

ಮೂವತ್ತು ವರ್ಷಕ್ಕೂ ಮೇಲೆ ನಾನು ಮಕ್ಕಳಿಗೆ ಆ ನೊಣದ ಪಾಠ ಮಾಡಿದೆ. ನನ್ನ ಸೋತ ತೊಡೆಗೂ ಅದಕ್ಕೂ ಸಂಬಂಧವಿದೆ ಎಂದು ತಿಳಿದದ್ದು ನಿವೃತ್ತಿಯ ವರ್ಷ.

ಸಜ್ಜಿಗೆ ತಿನ್ನುವ ನೊಣ

ಮೊದಲು ಯಾವ ನೊಣ ಎಂದು ಹೇಳಿಬಿಡುತ್ತೇನೆ. ಮಾವಿನೊಳಗೆ, ಹಾಗಲದೊಳಗೆ ಮೊಟ್ಟೆಯಿಟ್ಟು ಹುಳ ಬೀಳಿಸುವ, ರೈತರು ಮೋಹಕ ಬಲೆ ಕಟ್ಟಿ ಹಿಡಿಯುವ ಹಣ್ಣಿನ ನೊಣ ಬೇರೆ. ಅದು ಬೇರೆಯೇ ಕುಟುಂಬ. ನಾನು ಹೇಳುತ್ತಿರುವುದು ಕಳಿತ ಬಾಳೆಹಣ್ಣಿನ ಚಿಪ್ಪಿನ ಮೇಲೆ ಎಲ್ಲಿಂದಲೋ ಬಂದು ಸುತ್ತುವ, ಮೂರು ಮಿಲಿಮೀಟರೂ ಇಲ್ಲದ, ಕೆಂಪು ಕಣ್ಣಿನ ನೊರಜು. ಶಾಸ್ತ್ರದ ಹೆಸರು ಡ್ರೋಸೊಫಿಲಾ ಮೆಲನೊಗ್ಯಾಸ್ಟರ್.

ಇದನ್ನು ಸಾಕುವುದು ಹಸು ಸಾಕಿದಷ್ಟು ಕಷ್ಟವಲ್ಲ. ಮೈಸೂರಿನ ಪ್ರಯೋಗಾಲಯದಲ್ಲಿ ನಾವು ಮಾಡುತ್ತಿದ್ದ ಆಹಾರದ ಅಳತೆ ನನಗೆ ಇಂದಿಗೂ ಬಾಯಿಪಾಠ: ಒಂದು ಲೀಟರ್ ನೀರು, 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಗಂಟಾಗದಂತೆ ಕೈಯಾಡಿಸುತ್ತ ಕುದಿಸಿ, ಕೆಳಗಿಳಿಸಿದ ಮೇಲೆ ಬೂಷ್ಟು ಹಿಡಿಯದಿರಲು ಏಳೂವರೆ ಮಿಲಿಲೀಟರ್ ಪ್ರೊಪಿಯೋನಿಕ್ ಆಸಿಡ್. ಆಸಿಡ್ ಹಾಕುವವರೆಗೆ ಅದು ತುಪ್ಪ-ಗೋಡಂಬಿ ಇಲ್ಲದ ಸಜ್ಜಿಗೆಯೇ. ಬಿಸಿಯಿರುವಾಗಲೇ ಬಾಟಲಿಗೆ ಸುರಿದು, ಹತ್ತಿಯ ಬಿರಡೆ ಹಾಕಿದರೆ ಒಂದು ಸಂಸಾರಕ್ಕೆ ಮನೆ ಸಿದ್ಧ. 25 ಡಿಗ್ರಿ ಬೆಚ್ಚಗಿದ್ದರೆ ಮೊಟ್ಟೆ ಹುಳವಾಗಿ, ಹುಳ ಕೋಶವಾಗಿ, ಕೋಶದಿಂದ ನೊಣ ಹೊರಬರಲು ಹತ್ತೇ ದಿನ. ಬದುಕು ಎರಡು ತಿಂಗಳು, ಹೆಚ್ಚೆಂದರೆ ಮೂರು. ಅಂದರೆ ಮನುಷ್ಯನಿಗೆ ಎಪ್ಪತ್ತರಲ್ಲಿ ಬರುವ ಮುಪ್ಪಿನ ಕಾಯಿಲೆಯನ್ನು ಇದರಲ್ಲಿ ಆರನೆಯ ವಾರದಲ್ಲೇ ನೋಡಬಹುದು.

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಬಾಟಲಿಯಲ್ಲಿ ಒಂದು ಬಿಳಿ ಕಣ್ಣಿನ ಗಂಡು ನೊಣ ಕಾಣಿಸಿಕೊಂಡಿತು. ಜೀನ್‌ಗಳು ವರ್ಣತಂತುಗಳ ಮೇಲೆ ಕೂತಿವೆ ಎಂಬುದು ರುಜುವಾತಾದದ್ದು ಅದರ ಸಂತಾನವನ್ನು ಎಣಿಸಿ. 2000ದಲ್ಲಿ ನೊಣದ ಇಡೀ ಜೀನ್ ಪಟ್ಟಿ ಹೊರಬಂತು. ಸುಮಾರು 14,000 ಜೀನ್‌ಗಳು. ಮನುಷ್ಯನಿಗೆ ಕಾಯಿಲೆ ತರುತ್ತವೆ ಎಂದು ಗೊತ್ತಿರುವ ಜೀನ್‌ಗಳಲ್ಲಿ ಮುಕ್ಕಾಲು ಪಾಲಿಗೆ ಅದರಲ್ಲಿ ಸೋದರ ಜೀನ್ ಸಿಗುತ್ತದೆ. ಕವಲು ಒಡೆದು ಕೋಟಿಗಟ್ಟಲೆ ವರ್ಷವಾದರೂ ಜೀವಕೋಶದೊಳಗಿನ ಅಡುಗೆ ಬದಲಾಗಿಲ್ಲ.

ಗಸಗಸೆ ಕಾಳಿನಷ್ಟು ದೊಡ್ಡದಾದ ಅದರ ಮಿದುಳಿನ ನಕ್ಷೆ 2024ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. 1,39,255 ನರಕೋಶಗಳು. ಯಾವುದು ಯಾವುದಕ್ಕೆ ಜೋಡಿಕೊಂಡಿದೆ ಎಂಬ ಲೆಕ್ಕ ಈಗ ನಮ್ಮ ಕೈಯಲ್ಲಿದೆ.

ಎಚ್ಚರವಾಗದ ನೊಣಗಳು

ನೊಣಕ್ಕೂ ವೈರಸ್ ಜ್ವರ ಬರುತ್ತದೆಯೇ ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಿದ್ದರು. ಜ್ವರ ಬರುವುದಿಲ್ಲ, ವೈರಸ್ ಬರುತ್ತದೆ. ಅದು ಗೊತ್ತಾದ ಕತೆ ಸ್ವಾರಸ್ಯವಾಗಿದೆ.

ನೊಣಗಳನ್ನು ಎಣಿಸಬೇಕಾದರೆ ಮೊದಲು ಮಲಗಿಸಬೇಕು. ನಮ್ಮ ಕಾಲಕ್ಕೆ ಈಥರ್. ಕೊಠಡಿಯ ತುಂಬ ಅದರ ಸಿಹಿ ನಾತ, ಸಂಜೆ ಹಾಸ್ಟೆಲಿಗೆ ಹೋದರೂ ಸೀರೆಯಿಂದ ಹೋಗುತ್ತಿರಲಿಲ್ಲ. ಈಗ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅನಿಲ ನಿಂತ ಕೆಲವೇ ನಿಮಿಷಗಳಲ್ಲಿ ನೊಣ ಎದ್ದು ಕಾಲು ಉಜ್ಜಿಕೊಂಡು ನಡೆಯುತ್ತದೆ. 1937ರಲ್ಲಿ ಫ್ರಾನ್ಸಿನ ಲೆರಿತಿಯೆ ಮತ್ತು ತೆಸಿಯೆ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರ ತಳಿಯನ್ನು ವರದಿ ಮಾಡಿದರು. ಅನಿಲ ಕೊಟ್ಟರೆ ಆ ತಳಿಯ ನೊಣಗಳು ಮತ್ತೆ ಏಳುತ್ತಲೇ ಇರಲಿಲ್ಲ. ಕಾಲು ಸೆಟೆದು ಅಲ್ಲೇ ಸಾಯುತ್ತಿದ್ದವು. ಮರಿಗಳಿಗೂ ಅದೇ ಗತಿ. ಜೀನ್ ದೋಷವಿರಬೇಕೆಂದರೆ ಮೆಂಡೆಲನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕೊನೆಗೆ ಸಿಕ್ಕಿಬಿದ್ದ ಕಳ್ಳ ಒಂದು ವೈರಸ್. ಹೆಸರು ಸಿಗ್ಮಾ. ತಾಯಿಯ ಮೊಟ್ಟೆಯಲ್ಲೂ ತಂದೆಯ ವೀರ್ಯದಲ್ಲೂ ಕೂತು ಮುಂದಿನ ಪೀಳಿಗೆಗೆ ದಾಟುವ ಈ ವೈರಸ್ಸಿನ ಕುಲ ಯಾವುದು ಗೊತ್ತೆ? ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ವೈರಸ್ಸಿನ ಕುಲ. ನೆಂಟನಂತೆಯೇ ಇದಕ್ಕೂ ನರಮಂಡಲವೆಂದರೆ ಅಚ್ಚುಮೆಚ್ಚು.

ಅಲ್ಲಿಂದ ನೊಣ ರೋಗನಿರೋಧಕ ಶಕ್ತಿಯ ಪಾಠಶಾಲೆಯಾಯಿತು. 1996ರಲ್ಲಿ ಸ್ಟ್ರಾಸ್‌ಬರ್ಗ್‌ನ ಜೂಲ್ಸ್ ಹಾಫ್‌ಮನ್ ತಂಡ ‘ಟೋಲ್’ ಎಂಬ ಜೀನ್ ಕೆಟ್ಟ ನೊಣಗಳು ಮೈತುಂಬ ಬೂಷ್ಟು ಹತ್ತಿ ಸಾಯುವುದನ್ನು ತೋರಿಸಿತು. ಅದೇ ಬಗೆಯ ಕಾವಲು ಜೀನ್‌ಗಳು ನಮ್ಮಲ್ಲೂ ಇವೆ. 2011ರ ನೊಬೆಲ್‌ನಲ್ಲಿ ಹಾಫ್‌ಮನ್‌ಗೆ ಪಾಲು ಸಿಕ್ಕಿತು. ವೈರಸ್ಸಿನ ವಿರುದ್ಧ ನೊಣದ ಮುಖ್ಯ ಆಯುಧ ಬೇರೆ. ವೈರಸ್ ಜೀವಕೋಶದೊಳಗೆ ತನ್ನ ನಕಲು ತೆಗೆಯುವಾಗ ಎರಡೆಳೆಯ ಆರ್‌ಎನ್‌ಎ ಉಂಟಾಗುತ್ತದೆ. ನೊಣದ ಒಂದು ಕಿಣ್ವ ಕತ್ತರಿಯಂತೆ ಅದನ್ನು 21 ಅಕ್ಷರದ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡು ಹಿಡಿದುಕೊಂಡ ಇನ್ನೊಂದು ಪ್ರೋಟೀನು, ಠಾಣೆಯ ಗೋಡೆಗೆ ಅಂಟಿಸಿದ ಕಳ್ಳನ ಫೋಟೋ ನೋಡಿ ಹುಡುಕಿದಂತೆ, ಅದಕ್ಕೆ ಹೊಂದುವ ಆರ್‌ಎನ್‌ಎಯನ್ನೆಲ್ಲ ಹುಡುಕಿ ಕತ್ತರಿಸುತ್ತದೆ. ಕತ್ತರಿ ಮೊಂಡಾದ ನೊಣಗಳು ಸಾಮಾನ್ಯ ವೈರಸ್ಸಿಗೂ ಬಲುಬೇಗ ಸಾಯುತ್ತವೆ ಎಂದು 2006ರಲ್ಲಿ ತಿಳಿಯಿತು.

ನೊಣದ ಅಧ್ಯಯನದಿಂದ ಬೀದಿಗೆ ಬಂದ ಲಾಭವೂ ಇದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಮೈಯೊಳಗಿದ್ದರೆ ನೊಣಕ್ಕೆ ವೈರಸ್ ತಾಗುವುದು ಕಡಿಮೆ ಎಂದು 2008ರಲ್ಲಿ ಎರಡು ತಂಡಗಳು ಕಂಡುಕೊಂಡವು. ನೊಣದಿಂದ ತೆಗೆದ ಅದೇ ಬ್ಯಾಕ್ಟೀರಿಯಾವನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗೆ ಸೇರಿಸಿ, ಸೊಳ್ಳೆಗಳನ್ನು ಊರೊಳಗೆ ಬಿಟ್ಟರು. ಇಂಡೊನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ಇಂಥ ಸೊಳ್ಳೆ ಬಿಟ್ಟ ಬಡಾವಣೆಗಳಲ್ಲಿ ಡೆಂಗಿ ಶೇಕಡ 77ರಷ್ಟು ಕಡಿಮೆಯಾದ ವರದಿ 2021ರಲ್ಲಿ ಬಂತು. ನಮ್ಮ ಪುದುಚೇರಿಯ ಐಸಿಎಂಆರ್ ಕೇಂದ್ರವೂ ಇಂಥ ಸೊಳ್ಳೆ ತಳಿ ಬೆಳೆಸಿದೆ.

ಹತ್ತು ಸೆಕೆಂಡಿನ ಪರೀಕ್ಷೆ

2024ರ ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ನಮ್ಮ ಲ್ಯಾಬಿಗೆ ಬನ್ನಿ, ನಿಮ್ಮ ಹಳೇ ನೆಂಟರನ್ನ ತೋರಿಸ್ತೀನಿ” ಎಂದು ಕರೆದೊಯ್ದಳು. ಮೈಸೂರಿನ ನೊಣ ತಳಿಗಳ ಸ್ಟಾಕ್ ಸೆಂಟರಿನಂತೆಯೇ ಗೋಡೆಯುದ್ದಕ್ಕೂ ಟ್ರೇ, ಟ್ರೇ ತುಂಬ ಸಣ್ಣ ನಳಿಕೆ, ಪ್ರತಿಯೊಂದಕ್ಕೂ ಚೀಟಿ. ಬೆಲ್ಲದ ಬದಲು ಸಕ್ಕರೆ ಬಂದಿತ್ತು. ಹುಳಿವಾಸನೆ ಮಾತ್ರ ಅದೇ.

ಅವಳು ಎರಡು ಗಾಜಿನ ನಳಿಕೆ ತೆಗೆದಳು. ಎರಡರಲ್ಲೂ ಹತ್ತು ಹತ್ತು ನೊಣ, ಎರಡಕ್ಕೂ ಎಂಟು ಸೆಂಟಿಮೀಟರ್ ಎತ್ತರದಲ್ಲಿ ಮಾರ್ಕರಿನ ಗೆರೆ. ಎರಡನ್ನೂ ಒಟ್ಟಿಗೆ ಹಿಡಿದು ಮೌಸ್‌ಪ್ಯಾಡಿನ ಮೇಲೆ ಟಪ್ ಟಪ್ ಟಪ್ ಎಂದು ಮೂರು ಸಲ ಕುಟ್ಟಿದಳು. ನೊಣಗಳೆಲ್ಲ ತಳಕ್ಕೆ ಬಿದ್ದವು. “ಎಣಿಸಿ ಮೇಡಂ, ಹತ್ತು ಸೆಕೆಂಡು.”

ಬಿದ್ದ ನೊಣ ಮೇಲಕ್ಕೆ ಹತ್ತಲೇಬೇಕು, ಅದು ಅದರ ಹುಟ್ಟುಗುಣ. ಎಡಗಡೆಯ ನಳಿಕೆಯಲ್ಲಿ ಒಂಬತ್ತು ನೊಣಗಳು ಸರಸರನೆ ಗೆರೆ ದಾಟಿದವು. ಬಲಗಡೆಯದರಲ್ಲಿ ಎರಡು ದಾಟಿದವು. ಮೂರು ಅರ್ಧಕ್ಕೆ ಬಂದು ಜಾರಿದವು. ಉಳಿದವು ತಳದಲ್ಲೇ ಕಾಲಾಡಿಸುತ್ತಿದ್ದವು. ಒಂದು ನೊಣ ಸ್ವಲ್ಪ ಹತ್ತಿ, ನಿಂತು, ಮತ್ತೆ ಸ್ವಲ್ಪ ಹತ್ತಿ, ಗಾಜಿಗೆ ಅಂಟಿಕೊಂಡು ಸುಮ್ಮನಾಯಿತು. ನನ್ನ ಒಂಬತ್ತನೆಯ ಮೆಟ್ಟಿಲು ನೆನಪಾಯಿತು.

“ಇದಕ್ಕೇನಾಗಿದೆ?”

“ಪಾರ್ಕಿನ್ಸನ್ಸ್, ಮೇಡಂ. ಮನುಷ್ಯನ ಜೀನ್ ಹಾಕಿದ್ದೀವಿ.”

ಈ ಬಗೆಯ ನೊಣವನ್ನು ಮೊದಲು ಮಾಡಿದವರು ಹಾರ್ವರ್ಡ್‌ನ ಮೆಲ್ ಫೀನಿ ಮತ್ತು ವೆಲ್ಕಮ್ ಬೆಂಡರ್, 2000ದಲ್ಲಿ. ಪಾರ್ಕಿನ್ಸನ್ಸ್ ರೋಗಿಗಳ ಮಿದುಳಿನಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನು ಉಂಡೆಗಟ್ಟಿ ಕೂರುತ್ತದೆ. ನೊಣದಲ್ಲಿ ಆ ಪ್ರೋಟೀನೇ ಇಲ್ಲ. ಮನುಷ್ಯನ ಆ ಜೀನನ್ನು ನೊಣದ ನರಕೋಶಗಳಲ್ಲಿ ಕೆಲಸಮಾಡಿಸಿದಾಗ ಎಳೆಯ ವಯಸ್ಸಿನಲ್ಲಿ ಎಲ್ಲವೂ ಸರಿಯಿತ್ತು. ವಯಸ್ಸಾದಂತೆ ಡೋಪಮಿನ್ ನರಕೋಶಗಳು ಸತ್ತವು, ಉಂಡೆಗಳು ಕಂಡವು, ಹತ್ತುವ ಶಕ್ತಿ ಜೊತೆಯವುಗಳಿಗಿಂತ ಬೇಗ ಹೋಯಿತು.

ಬೇಕಾದ ಜೀನನ್ನು ಬೇಕಾದ ಕಡೆ ಮಾತ್ರ ಕೆಲಸಮಾಡಿಸುವ ಉಪಾಯವನ್ನು 1993ರಲ್ಲಿ ಆ್ಯಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ಕೊಟ್ಟರು. ನಾನು ತರಗತಿಯಲ್ಲಿ ಹೇಳುತ್ತಿದ್ದುದು ಹೀಗೆ: ಅಪ್ಪನ ಮನೆಯಲ್ಲಿ ಸ್ವಿಚ್ಚಿದೆ, ಬಲ್ಬಿಲ್ಲ. ಅಮ್ಮನ ಮನೆಯಲ್ಲಿ ಬಲ್ಬಿದೆ, ಸ್ವಿಚ್ಚಿಲ್ಲ. ಇಬ್ಬರಿಗೂ ಮದುವೆ ಮಾಡಿಸಿದರೆ ಮಗುವಿನ ಮನೆಯಲ್ಲಿ ದೀಪ ಹತ್ತುತ್ತದೆ. ಅದೂ ಸ್ವಿಚ್ಚು ಇರುವ ಕೋಣೆಯಲ್ಲಿ ಮಾತ್ರ. ಕೋಣೆಯೆಂದರೆ ಮಿದುಳೋ ಸ್ನಾಯುವೋ ಕಣ್ಣೋ, ಆರಿಸಿಕೊಳ್ಳುವುದು ನಮಗೆ ಬಿಟ್ಟದ್ದು.

ನೊಣದ ನಡೆ ನೋಡಿ ನರಗಳನ್ನು ಅರಿಯುವ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದ ಒಬೈದ್ ಸಿದ್ದಿಕಿ 1976ರಲ್ಲೇ ಸೀಮೋರ್ ಬೆಂಜರ್ ಜೊತೆ ಸೇರಿ, ಬಿಸಿ ತಾಗಿದ ಕೂಡಲೇ ಕುಸಿದು ಬಿದ್ದು, ತಣ್ಣಗಾದ ಕೂಡಲೇ ಎದ್ದು ನಡೆಯುವ ನೊಣ ತಳಿಗಳ ನರಗಳನ್ನು ಪರೀಕ್ಷಿಸಿದ್ದರು. ಹತ್ತಲಾರದ ನೊಣವನ್ನು ನೋಡಿ ಮಿದುಳನ್ನು ಓದುವ ಕಲೆಗೆ ನಮ್ಮವರ ಪಾಲೂ ಇದೆ.

ಝೀಕಾ ಕುಗ್ಗಿಸಿದ ಮಿದುಳು

ಸ್ವಿಚ್ಚು-ಬಲ್ಬಿನ ಈ ಉಪಾಯ ವೈರಸ್ಸಿಗೂ ಒದಗಿತು. ಝೀಕಾ ವೈರಸ್ ನೆನಪಿರಬಹುದು. ಬ್ರೆಜಿಲ್‌ನಲ್ಲಿ ಬಸಿರಲ್ಲೇ ಸೋಂಕು ತಗುಲಿದ ಮಕ್ಕಳು ಸಣ್ಣ ತಲೆಯೊಂದಿಗೆ ಹುಟ್ಟತೊಡಗಿದಾಗ, 2016ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಸಾರಿತು. ಡೆಂಗಿ, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ಝೀಕಾ ಮೂರರ ವೈರಸ್ಸೂ ಒಂದೇ ಕುಟುಂಬದವು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲೂ ಝೀಕಾ ಕಂಡಿತು.

ಝೀಕಾ ಬರೇ ಹತ್ತು ಪ್ರೋಟೀನುಗಳ ಗಂಟು. ಅದರಲ್ಲಿ ಮಗುವಿನ ಮಿದುಳು ಕುಗ್ಗಿಸುವುದು ಯಾವುದು? ಗರ್ಭಿಣಿಯರಲ್ಲಿ ಪ್ರಯೋಗ ಮಾಡುವಂತಿಲ್ಲ. ಇದಕ್ಕೆ ಸುಳಿವು ಮೊದಲೇ ನೊಣದಲ್ಲಿ ಸಿಕ್ಕಿತ್ತು. 2014ರಲ್ಲಿ ಹ್ಯೂಸ್ಟನ್‌ನ ಹ್ಯೂಗೊ ಬೆಲ್ಲೆನ್ ತಂಡ ‘ಆ್ಯಂಕಲ್-2’ ಎಂಬ ಜೀನ್ ಕೆಟ್ಟ ನೊಣದ ಮರಿಹುಳಕ್ಕೆ ಮಿದುಳು ಸಣ್ಣದಾಗುವುದನ್ನು ಕಂಡಿತ್ತು. ಅದೇ ಜೀನ್ ಕೆಟ್ಟ, ಸಣ್ಣ ತಲೆಯ ಮಕ್ಕಳಿದ್ದ ಒಂದು ಕುಟುಂಬವೂ ಸಿಕ್ಕಿತ್ತು. 2018ರಲ್ಲಿ ಝೀಕಾದ ಪ್ರೋಟೀನುಗಳನ್ನು ಜಾಲಾಡಿದಾಗ ಎನ್‌ಎಸ್4ಎ ಎಂಬುದು ನೇರವಾಗಿ ಹೋಗಿ ಈ ಆ್ಯಂಕಲ್-2 ಪ್ರೋಟೀನಿನ ಕೈ ಹಿಡಿಯುವುದು ತಿಳಿಯಿತು. ಅದೊಂದನ್ನೇ ಮರಿಹುಳದಲ್ಲಿ ಉತ್ಪಾದಿಸಿದರು, ಮಿದುಳು ಕುಗ್ಗಿತು. ಜೊತೆಗೆ ಮನುಷ್ಯನ ಆ್ಯಂಕಲ್-2 ಹೆಚ್ಚಾಗಿ ಕೊಟ್ಟರು, ಮಿದುಳು ಬೆಳೆಯಿತು.

ನೊಣದ ದೊಡ್ಡಸ್ತಿಕೆ ಇರುವುದು ಇಲ್ಲಿ. ರೋಗಿಯ ಮೈಯಲ್ಲಿ ವೈರಸ್, ಜ್ವರ, ಔಷಧ, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲ ಸೇರಿ ಸಿಕ್ಕುಗಟ್ಟಿದ ದಾರದ ಉಂಡೆ. ನೊಣದಲ್ಲಿ ಒಂದೇ ಎಳೆ ಹಿಡಿದು ಎಳೆಯಬಹುದು. ಒಂದು ಸಲಕ್ಕೆ ಒಂದೇ ಪ್ರಶ್ನೆ.

ಬೆಂಕಿ ಮಿದುಳಲ್ಲಿ, ಸೋಲು ತೊಡೆಯಲ್ಲಿ

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಮೆಟ್ಟಿಲಿನ ಕತೆ ಹೇಳಿದೆ. ಅವಳು ಚಮಚ ಕೆಳಗಿಟ್ಟು, “ಮೇಡಂ, ಈ ವರ್ಷದ ಒಂದು ಪೇಪರ್ ನೀವು ಓದಲೇಬೇಕು” ಎಂದು ಮೊಬೈಲಿಗೆ ಕಳಿಸಿದಳು. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಏರನ್ ಜಾನ್ಸನ್ ಅವರ ತಂಡ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ. ರಾತ್ರಿ ರೈಲಿನಲ್ಲಿ ಮಂಡ್ಯ ದಾಟುವಷ್ಟರಲ್ಲಿ ಎರಡು ಸಲ ಓದಿದ್ದೆ.

ಅವರು ಮೂರು ಬಗೆಯಲ್ಲಿ ನೊಣದ ಮಿದುಳಿಗೆ ತೊಂದರೆ ಕೊಟ್ಟರು. ಒಂದರಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದ ಸೋಂಕು. ಇನ್ನೊಂದರಲ್ಲಿ ಕೊರೊನಾ ವೈರಸ್ಸಿನ ಒಂದೇ ಒಂದು ಪ್ರೋಟೀನು. ಮತ್ತೊಂದರಲ್ಲಿ ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್. ಸೋಂಕು, ವೈರಸ್ಸಿನ ತುಣುಕು, ಮುಪ್ಪಿನ ಕಾಯಿಲೆ. ಮೂರಕ್ಕೂ ಫಲ ಒಂದೇ: ನೊಣ ಸರಿಯಾಗಿ ಹತ್ತಲಾರದಾಯಿತು.

ನಡುವೆ ನಡೆದದ್ದು ಇಷ್ಟು. ತೊಂದರೆಗೊಳಗಾದ ಮಿದುಳಿನಲ್ಲಿ ಆಮ್ಲಜನಕದ ಕಿಡಿಗೇಡಿ ರೂಪಗಳು ಶೇಖರವಾದವು. ಅದಕ್ಕೆ ಪ್ರತಿಯಾಗಿ ಮಿದುಳು ಒಂದು ಸಂದೇಶ ಪ್ರೋಟೀನನ್ನು ತಯಾರಿಸಿತು. ನೊಣದಲ್ಲಿ ಅದರ ಹೆಸರು ಯುಪಿಡಿ-3, ಇಲಿಯಲ್ಲೂ ನಮ್ಮಲ್ಲೂ ಇಂಟರ್‌ಲ್ಯೂಕಿನ್-6. ಮಿದುಳು ಸ್ನಾಯುವಿಗೆ ಆಜ್ಞೆ ಕೊಡುವುದು ನರದ ತಂತಿಯಲ್ಲಿ ಎಂದು ನಾವೆಲ್ಲ ಪಾಠ ಮಾಡಿದ್ದೆವು. ಈ ಸಂದೇಶ ತಂತಿ ಹಿಡಿಯಲಿಲ್ಲ. ದೇಹದ ದ್ರವದಲ್ಲಿ ತೇಲಿಕೊಂಡು ಸ್ನಾಯು ತಲುಪಿತು. ಅಲ್ಲಿ ಮೈಟೊಕಾಂಡ್ರಿಯಾ, ಅಂದರೆ ಜೀವಕೋಶದ ಒಲೆಗಳು, ಮಂಕಾದವು. ಸ್ನಾಯು ಸವೆದಿರಲಿಲ್ಲ, ಕಡಿದಿರಲಿಲ್ಲ. ಉರಿ ಸಣ್ಣದಾಗಿತ್ತು, ಅಷ್ಟೆ. ಇಲಿಯಲ್ಲೂ ಇದೇ ದಾರಿ ಕಂಡಿತು.

ರಕ್ತಪರೀಕ್ಷೆಯಲ್ಲಿ ಎಲ್ಲ ನಾರ್ಮಲ್, ತೊಡೆ ಮಾತ್ರ ಏಳದು. ನನ್ನ ಮೈಯಲ್ಲಿ ನಡೆದದ್ದೂ ಇದೇ ಎಂದು ಹೇಳುವಂತಿಲ್ಲ. ನಾನು ನೊಣವಲ್ಲ, ನನ್ನ ಮಿದುಳನ್ನು ಯಾರೂ ತೆರೆದು ನೋಡಿಲ್ಲ. ಹೀಗೂ ಆಗಲು ಸಾಧ್ಯ ಎಂದು ತಿಳಿದಾಗ ಮೂರು ವರ್ಷ ಎದೆಯಲ್ಲಿ ಹೊತ್ತಿದ್ದ ಅಪರಾಧಿಭಾವವನ್ನು ಆ ರೈಲಿನಲ್ಲೇ ಇಳಿಸಿದೆ.

ನೊಣಕ್ಕೆ ಗೊತ್ತಿಲ್ಲದ್ದು

ನೊಣಕ್ಕೆ ಶ್ವಾಸಕೋಶವಿಲ್ಲ. ನಮ್ಮಂತೆ ಪ್ರತಿಕಾಯ ತಯಾರಿಸುವ ಶಕ್ತಿಯಿಲ್ಲ. ಆದ್ದರಿಂದ ಲಸಿಕೆಯ ಪರೀಕ್ಷೆ ಅದರಲ್ಲಿ ಆಗದು. ಕೊರೊನಾ ವೈರಸ್ ಅದಕ್ಕೆ ತಾನಾಗಿ ತಗಲುವುದೂ ಇಲ್ಲ. ಅದಕ್ಕೇ ವೈರಸ್ಸಿನ ಬಿಡಿ ಪ್ರೋಟೀನು ಹಾಕಿ ನೋಡುವುದು. ಮರೆವು, ಬೇಸರ, ಮಂಪರು ಎಂದು ಅದು ಬಾಯಿಬಿಟ್ಟು ಹೇಳದು. ನೊಣದಲ್ಲಿ ಫಲಿಸಿದ ಔಷಧ ಇಲಿಯಲ್ಲಿ, ಆಮೇಲೆ ಮನುಷ್ಯನಲ್ಲಿ ಫಲಿಸಬೇಕು. ದಾರಿಯಲ್ಲಿ ಉದುರಿಹೋಗುವುದೇ ಹೆಚ್ಚು. ಆದರೆ ಸಾವಿರ ಜೀನ್‌ಗಳಲ್ಲಿ ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಒಂದು ಕಿಲೋ ರವೆ, ಒಂದು ಕಿಲೋ ಬೆಲ್ಲದ ಖರ್ಚಿನಲ್ಲಿ ಕೆಲವೇ ತಿಂಗಳಲ್ಲಿ ಹೇಳಬಲ್ಲ ಪ್ರಾಣಿಗಳು ಬಲು ಕಡಿಮೆ.

ನನ್ನ ತೊಡೆಗೆ ಬಲ ಮರಳಲು ಏಳೆಂಟು ತಿಂಗಳು ಬೇಕಾಯಿತು. ಈಗ 17 ಮೆಟ್ಟಿಲನ್ನೂ ನಿಲ್ಲದೆ ಹತ್ತುತ್ತೇನೆ. ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಮೊನ್ನೆ ಪಕ್ಕದ ಮನೆಯ ಹುಡುಗನಿಗೆ ಡೆಂಗಿ ಬಿಟ್ಟು ತಿಂಗಳಾದರೂ ಆಟಕ್ಕೆ ಹೋಗುವುದಿಲ್ಲ, ಬರೀ ಮಲಗುತ್ತಾನೆ ಎಂದು ಅವನಮ್ಮ ಗದರುತ್ತಿದ್ದರು. ಅವರನ್ನು ಕರೆದು ಕೂರಿಸಿ ನೊಣದ ಕತೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ: ಜ್ವರ ಇಳಿದ ಮೇಲೂ ಮನೆಯವರ ಕಾಲು ಸೋಲುತ್ತಿದ್ದರೆ ಸೋಮಾರಿತನ ಎನ್ನಬೇಡಿ. ವೈದ್ಯರಿಗೆ ತೋರಿಸಿ, ವಿಶ್ರಾಂತಿ ಕೊಡಿ, ಬೇಗ ಎದ್ದೇಳು ಎಂದು ಅವಸರ ಮಾಡಬೇಡಿ.